ಉಷ್ಣ

ಗಂಡನ ಅಂಗೈಗಳಲ್ಲಿ ಕಂದು ಕಲೆಗಳೆದ್ದಿದ್ದವು. "ಮಾತ್ರೆ ಉಷ್ಣ ಕಣೇ," ಎಂದುಬಿಟ್ಟ. ಜಲಜ ನಂಬಲಿಲ್ಲ. ಎಚ್‌ಐವಿ ಮಾತ್ರೆಯನ್ನು ಇಬ್ಬರೂ ವರ್ಷಗಟ್ಟಲೆ ನುಂಗುತ್ತಿದ್ದಾರೆ. ತನ್ನ ಅಂಗೈಗೇಕೆ ಆ ಉಷ್ಣ ಬರಲಿಲ್ಲ?

ಇಬ್ಬರ ರಕ್ತವನ್ನೂ ಪರೀಕ್ಷಿಸಿದ ಡಾಕ್ಟರು, "ಉಷ್ಣ ಅಲ್ಲಪ್ಪ, ಸಿಫಿಲಿಸ್," ಎಂದರು. "ಆ ಮಾತ್ರೆ ಎಚ್‌ಐವಿನ ಹಿಡಿದಿಡುತ್ತೆ, ಇದನ್ನ ತಡೆಯಲ್ಲ. ಇಂಜೆಕ್ಷನ್ ಕೊಟ್ರೆ ವಾಸಿಯಾಗುತ್ತೆ. ನಿಮ್ಮ ಹೆಂಡ್ತಿಗಿಲ್ಲ. ಯಾರಿಂದ ಬಂತೋ ಅವರನ್ನೂ ಕರ್ಕೊಂಡು ಬನ್ನಿ."

"ಅಂಥೋರು ಯಾರೂ ಇಲ್ಲ ಡಾಕ್ಟ್ರೇ."

ಹೊರಗೆ ಗಂಡನ ಗೆಳೆಯ ಉಮಾಪತಿ ಆಟೊ ನಿಲ್ಲಿಸಿಕೊಂಡು ಕಾಯುತ್ತಿದ್ದ. ದಾರಿಯುದ್ದಕ್ಕೂ ಜಲಜಳ ಕಣ್ಣು ಹೆಂಗಸರನ್ನೇ ಜಾಲಾಡಿತು. ಹೂವಿನವಳೇ? ಎದುರುಮನೆ ಟೀಚರೇ? ಮನೆಯೊಳಗೆ ಕಾಲಿಟ್ಟವಳೇ ಹಲ್ಲು ಕಚ್ಚಿ ಕೇಳಿದಳು:

"ಯಾರ್ರೀ ಅವಳು?"

"ನಿನ್ನಾಣೆ ಕಣೇ, ಯಾವ ಹೆಂಗಸನ್ನೂ ಮುಟ್ಟಿಲ್ಲ."

ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಸುಳ್ಳಾಡುವವನ ಮುಖವಲ್ಲ ಅದು. ಜಲಜಳ ಕೋಪ ಅರ್ಧಕ್ಕಿಳಿಯಿತು. ತಂಪಿಗೆಂದು ಬೆಳಿಗ್ಗೆ ಅವನೇ ನೆನೆಹಾಕಿದ್ದ ಕಾಮಕಸ್ತೂರಿ ನೀರನ್ನು ಲೋಟಕ್ಕೆ ಬಗ್ಗಿಸಿ ಅವನ ಮುಂದಿಟ್ಟಳು.

ಆಟೊ ನಿಲ್ಲಿಸಿ ಒಳಬಂದ ಉಮಾಪತಿ, ಲೋಟ ನೋಡಿ ಎರಡೂ ಅಂಗೈ ಚಾಚಿದ.

"ಅತ್ತಿಗೆ, ನಂಗೂ ಒಂಚೂರು ಕೊಡಿ. ನೋಡಿ, ಕೈಯೆಲ್ಲ ಉಷ್ಣ ಆಗ್ಬಿಟ್ಟಿದೆ."