ನಲವತ್ತೆರಡನೇ ಗೆಲುವು

ಲ್ಯಾಪ್‌ಟಾಪಿನ ಮೂಲೆಯಲ್ಲಿ ಕೆಂಪು ದೀಪ ಹತ್ತಿದ್ದು ತಂಗಿಗೆ ಮಾತ್ರ ಕಂಡಿತು. ಎದುರಿನ ಸೋಫಾದಲ್ಲಿ ಅವಳ ಅಣ್ಣ ಗೇಮ್ ಕಂಟ್ರೋಲರ್ ಹಿಡಿದು, ಪ್ರಾಣವೇ ಹೋಗುತ್ತಿದೆ ಎಂಬಂತೆ ಹಲ್ಲು ಕಚ್ಚಿ ಕೂತಿದ್ದ. ಪಕ್ಕದಲ್ಲಿ ಬಂಡವಾಳ ಹಾಕುವ ಸಾಹೇಬರು ಕೂತಲ್ಲೇ ಕುಣಿಯುತ್ತಿದ್ದರು. ಗೋಡೆಯ ಟಿವಿಯ ಕುಸ್ತಿ ಆಟದಲ್ಲಿ ಸಾಹೇಬರ ಜಟ್ಟಿ ಅಣ್ಣನ ಜಟ್ಟಿಯನ್ನು ಹಳೇ ಬೆಡ್‌ಶೀಟ್ ಒಗೆದ ಹಾಗೆ ಒಗೆಯುತ್ತಿದ್ದ. ಕೆಂಪು ದೀಪದ ಕೆಳಗೆ ಒಂದೇ ಸಾಲು: 'ಎಡಗಡೆಯ ಆಟಗಾರ ಬೇಕಂತಲೇ ಸೋಲುತ್ತಿದ್ದಾನೆ.'

ಎಡಗಡೆ ಕೂತವನು ಅಣ್ಣ. ಆ ಸಾಲು ಬರೆದ ಸಾಫ್ಟ್‌ವೇರ್ ಹುಟ್ಟಿದ್ದೂ ಅವನಿಂದಲೇ. ಎರಡು ವರ್ಷದ ಹಿಂದೆ ಅವನ ಟೀಮಿನವರು ದೊಡ್ಡ ಗೇಮಿಂಗ್ ಟೂರ್ನಿಯ ಫೈನಲ್ ಪಂದ್ಯವನ್ನು ಮಾರಿಕೊಂಡಿದ್ದರು. 'ಬೇಕಂತ ಸೋಲೋಕೆ ನನ್ನ ಬೆರಳು ಒಪ್ಪಲ್ಲ' ಅಂದಿದ್ದಕ್ಕೆ ಇವನನ್ನೇ ಹೊರಗೆ ಹಾಕಿದರು. ತಂಗಿಗೆ ಉರಿದುಹೋಯಿತು. ಕಳ್ಳಸೋಲನ್ನು ಹಿಡಿಯುವ ಯಂತ್ರ ಕಟ್ಟಲು ಕೂತಳು. ಅದಕ್ಕೆ ಪಾಠ ಹೇಳಲೆಂದು ಊಟದ ಮೇಜಿನ ಮೇಲೆ ಸಾವಿರಾರು ಸಲ ಬೇಕಂತಲೇ ಸೋತು ತೋರಿಸಿದವನು ಇದೇ ಅಣ್ಣ.

ಏಳು ಹೂಡಿಕೆ ಕಂಪನಿಗಳ ಬಾಗಿಲು ತಟ್ಟಿ ಆಗಿತ್ತು. ಇದು ಎಂಟನೆಯದು. ಸಾಹೇಬರು ಮತ್ತು ಅವರ ಅಕ್ಕ ಇಬ್ಬರೇ ನಡೆಸುವ ಪುಟ್ಟ ಆಫೀಸು. ಆಗಷ್ಟೇ ಕಣ್ಣು ಬಿಡುತ್ತಿರುವ ಗೇಮಿಂಗ್, ಸಾಫ್ಟ್‌ವೇರ್ ಕಂಪನಿಗಳಿಗೆ ಬಂಡವಾಳ ಹಾಕುವುದು ಇವರ ಕೆಲಸ. ಇವರೂ ಇಲ್ಲ ಎಂದರೆ 'ಶುಭಂ' ಹಾಕಿ ಪರದೆ ಇಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ಈ ಸಾಹೇಬ್ರು ಸ್ಲೈಡು ಗೀಡು ನೋಡಲ್ವಂತೆ. ಒಂದಾಟ ಆಡಿದ್ರೆ ಮನುಷ್ಯ ಗೊತ್ತಾಗ್ತಾನಂತೆ," ಎಂದಿದ್ದ ಅಣ್ಣ, ಲಿಫ್ಟಿನಲ್ಲಿ. "ಆರು ವರ್ಷದಿಂದ ಬಂದೋರನ್ನೆಲ್ಲ ಗೆದ್ದಿದಾರೆ. ಒಂದೂ ಸೋಲಿಲ್ಲ."

"ಅಣ್ಣಾ, ನೀನು ನೆಟ್ಟಗೆ ಆಡು."

"ಬಿಡೇ. ನಿಮ್ಮಣ್ಣ ಸ್ಕ್ರೀನ್ ಮೇಲೆ ಬಂದ್ಮೇಲೆ ಕಥೇನೇ ಬೇರೆ."

ಕಥೆ ಬೇರೆಯೇ ಆಯಿತು. ಟಿವಿಯಲ್ಲಿ ಅಣ್ಣನ ಜಟ್ಟಿ ಅಂಗಾತ ಬಿದ್ದ. ಸಾಹೇಬರು ಎದ್ದು ಗೋಡೆಯ ಬಿಳಿ ಬೋರ್ಡಿಗೆ ನಡೆದರು. ಗೆಲುವು ೪೧, ಸೋಲು ೦. ಮಾರ್ಕರಿನ ಮುಚ್ಚಳ ತೆಗೆಯುತ್ತಾ ತಮಾಷೆಗೆ ಕೇಳಿದರು, "ಏನಮ್ಮಾ, ನಿನ್ನ ಮಿಷನ್ ಏನಂತು? ಎಲ್ಲಾ ನ್ಯಾಯವಾಗೇ ನಡೀತಾ?"

ಅಣ್ಣನ ಕಣ್ಣುಗಳು 'ಮುಚ್ಚಿಬಿಡೇ' ಎಂದು ಬೇಡಿಕೊಂಡವು. ಮುಚ್ಚಿದರೆ ಬಂಡವಾಳ ಕೈಗೆ ಬಂದ ಹಾಗೆಯೇ. ಆದರೆ ಕಳ್ಳಸೋಲು ಹಿಡಿಯುವ ಕಂಪನಿ ಕಳ್ಳಸೋಲಿನಿಂದಲೇ ಶುರುವಾದರೆ? ತಂಗಿ ಲ್ಯಾಪ್‌ಟಾಪನ್ನು ಮೆಲ್ಲಗೆ ಸಾಹೇಬರ ಕಡೆ ತಿರುಗಿಸಿದಳು.

"ಕ್ಷಮಿಸಿ ಸಾರ್. ನಮ್ಮಣ್ಣ ಬೇಕಂತಲೇ ಸೋತ."

"ಲೇ!" ಅಣ್ಣ ಸೋಫಾದಿಂದ ಹಾರಿ ನಿಂತ. "ಸಾರ್, ಅದಿನ್ನೂ ಹಾಲುಹಲ್ಲಿನ ಮಗು ಸಾರ್, ಏನೇನೋ ತೊದಲುತ್ತೆ..."

"ಅಣ್ಣಾ, ಅದು ಕಲ್ತಿದ್ದೇ ನಿನ್ನ ಕೈ ನೋಡಿ. ಪ್ರಪಂಚದಲ್ಲಿ ಬೇರೆ ಯಾರನ್ನ ಬಿಟ್ರೂ ನಿನ್ನನ್ನ ಬಿಡಲ್ಲ."

ಅಣ್ಣ ಕುಸಿದು ಕೂತ. ಸಿನಿಮಾ ಡೈಲಾಗೆಲ್ಲ ಖಾಲಿಯಾಗಿತ್ತು. "ಸಾರ್, ನಂಗೋಸ್ಕರ ಅಂತ ಯಾವತ್ತೂ ಸೋತೋನಲ್ಲ. ಇವಳು ಎರಡು ವರ್ಷ ನಿದ್ದೆಗೆಟ್ಟಿದಾಳೆ. ಬೈಯೋದಿದ್ರೆ ನನ್ನ ಬೈರಿ."

ಸಾಹೇಬರು ಬೈಯಲಿಲ್ಲ. ಕೆಂಪು ದೀಪವನ್ನೇ ನೋಡಿದರು, ಬೋರ್ಡನ್ನು ನೋಡಿದರು. "ಹಳೇ ಆಟಗಳೆಲ್ಲ ಈ ಗೇಮ್ ಡಬ್ಬದಲ್ಲೇ ಇವೆ. ನಿನ್ನ ಮಿಷನ್‌ಗೆ ಹಾಕಮ್ಮ."

"ಬೇಡ ಸಾರ್."

"ಹಾಕು."

ಒಂದು, ಕೆಂಪು. ಎರಡು, ಕೆಂಪು. ಇಪ್ಪತ್ತು ದಾಟಿದಾಗ ಸಾಹೇಬರು ಕುರ್ಚಿ ಎಳೆದುಕೊಂಡರು. ಮೂವತ್ತಮೂರಕ್ಕೆ ಹಸಿರು ಹತ್ತಿತು. ಅವರ ಮುಖ ಅರಳಿತು.

"ನೋಡಿದ್ಯಾ ಅಕ್ಕ! ಇವನನ್ನ ನಿಜವಾಗ್ಲೂ ಗೆದ್ದಿದೀನಿ."

ಕಿಟಕಿ ಪಕ್ಕದ ಮೇಜಿನಿಂದ ಅಕ್ಕ ಕನ್ನಡಕ ಏರಿಸಿಕೊಂಡರು. "ಅವನಾ? ಪಾಪ, ಅವನು ಕಂಟ್ರೋಲರನ್ನ ತಲೆಕೆಳಗಾಗಿ ಹಿಡ್ಕೊಂಡಿದ್ದ ಕಣೋ."

ಉಳಿದವೆಲ್ಲ ಕೆಂಪು.

"ನಿಂಗೆ ಗೊತ್ತಿತ್ತಾ?" ಸಾಹೇಬರ ದನಿ ಸಣ್ಣದಾಗಿತ್ತು.

"ಗೆದ್ದ ದಿನ ನೀನು ಹೊಟ್ಟೆ ತುಂಬಾ ಊಟ ಮಾಡ್ತಿದ್ದೆ. ಹೇಗೋ ಹೇಳಲಿ?" ಅಕ್ಕ ಕನ್ನಡಕ ತೆಗೆದಿಟ್ಟರು. "ಆದ್ರೂ ಹೇಳಬೇಕಿತ್ತು. ಆರು ವರ್ಷ ನಾವು ಆರಿಸಿದ್ದು ಆಟಗಾರರನ್ನಲ್ಲ, ನಟರನ್ನ." ಎಂದವರೇ ಡ್ರಾಯರ್ ಎಳೆದು ಒಪ್ಪಂದದ ಕಾಗದ ತೆಗೆದರು. ತಂಗಿಯ ಮುಂದಿಟ್ಟರು. "ಓದ್ಕೊಂಡು ಸಹಿ ಹಾಕಮ್ಮ. ಅಣ್ಣನ್ನೇ ಹಿಡಿದುಕೊಡೋಳು ಇನ್ಯಾರನ್ನ ಬಿಡ್ತೀಯ?"

ತಂಗಿ ಪೆನ್ನು ತೆಗೆದುಕೊಂಡಳು. ಅಕ್ಷರಗಳು ಕಣ್ಣಿಗೆ ನಿಲ್ಲಲಿಲ್ಲ.

ಸಾಹೇಬರು ಮಾತ್ರ ಆ ಕಡೆ ನೋಡಲೇ ಇಲ್ಲ. ಬೋರ್ಡಿನ ಮೇಲಿದ್ದ ನಲವತ್ತೊಂದನ್ನು ಅಂಗಿಯ ತೋಳಿನಿಂದ ಒರೆಸಿ ಬಂದು, ಕಂಟ್ರೋಲರನ್ನು ಅಣ್ಣನ ತೊಡೆಯ ಮೇಲೆ ಹಾಕಿದರು. "ಈಗ ಆಡು."

ನಲವತ್ತು ಸೆಕೆಂಡು. ಸಾಹೇಬರ ಜಟ್ಟಿ ಗಾಳಿಯಲ್ಲಿ ಮೂರು ಪಲ್ಟಿ ಹೊಡೆದು ಮಣ್ಣು ಮುಕ್ಕಿದ. ಲ್ಯಾಪ್‌ಟಾಪಿನಲ್ಲಿ ಹಸಿರು ದೀಪ ಹತ್ತಿತು. ಅಣ್ಣ ಹೆದರಿಕೊಂಡೇ ಪಕ್ಕಕ್ಕೆ ತಿರುಗಿ ನೋಡಿದ.

ಸಾಹೇಬರು ಸೋಫಾದ ಅಂಚಿಗೆ ಜರುಗಿ, ಅಂಗಿಯ ತೋಳು ಮಡಚಿಕೊಂಡು, ಮತ್ತೆ ಬಟನ್ ಒತ್ತಿದರು.

"ಬಾರೋ, ಇನ್ನೊಂದಾಟ. ಆರು ವರ್ಷ ಒಬ್ಬನೇ ಆಡಿ ಆಡಿ ಸಾಕಾಗಿದೆ."