ಗಂಟೆಯ ಕುದುರೆ

ಮುದಿ ಹೆಣ್ಣುಕುದುರೆ ಗುಂಡೇಟಿಗೆ ಕುಸಿದಾಗಲೂ ಅದರ ಕೊರಳ ಗಂಟೆ ಅಲ್ಲಾಡುತ್ತಲೇ ಇತ್ತು. ಸಾಲ್ತಾದ ಸಂತೆಗೆ ಹೇಸರಗತ್ತೆಗಳನ್ನು ಹೊಡೆದುಕೊಂಡು ಬಂದಿದ್ದ ಕಾಸಿಲ್ದಾ ಓಡಿಬಂದು ಪಕ್ಕದಲ್ಲಿ ಕುಳಿತಳು.

"ಅಳೋದ್ಯಾಕಮ್ಮಾ? ಅರಸರ ಸೈನ್ಯಕ್ಕೆ ಬೇಕಾಗಿರೋದು ಹೇಸರಗತ್ತೆ, ಹಲ್ಲುದುರಿದ ಮುದುಕಿ ಅಲ್ಲ," ಎಂದು ಗುಂಡು ಹಾರಿಸಿದ್ದ ಕ್ಯಾಪ್ಟನ್ ನಕ್ಕ. ಅವಳ ಮಂದೆಯನ್ನೆಲ್ಲ ಅವನು ಆಗಲೇ ಬಿಟ್ಟಿಯಾಗಿ ಜಪ್ತಿ ಮಾಡಿದ್ದ.

"ಮರಿಯಾಗಿದ್ದಾಗಿಂದ ಇವಳ ಹಿಂದೇನೇ ನಡೆದ ಮಕ್ಕಳು ಅವು. ತಾಯೀನ ಕೊಂದು ಮಕ್ಕಳ ಕೈಲಿ ನಿಮ್ಮ ಮದ್ದುಗುಂಡಿನ ಮೂಟೆ ಹೊರಿಸ್ತೀರಾ? ಥೂ!"

ಅವಳು ಗಂಟೆಯನ್ನು ಬಿಚ್ಚಿ ತನ್ನ ಕೊರಳಿಗೇ ಕಟ್ಟಿಕೊಂಡು ಮನೆಯ ದಾರಿ ಹಿಡಿದಳು. ಹೆಜ್ಜೆ ಹೆಜ್ಜೆಗೂ ಅದು ಗಣಗಣಿಸಿತು. ಹೇಸರಗತ್ತೆಗಳ ಕಿವಿ ನಿಮಿರಿದವು. ಸಿಪಾಯಿಗಳನ್ನು ತಳ್ಳಿಕೊಂಡು ಇಡೀ ಮಂದೆ ಅವಳ ಬೆನ್ನು ಹತ್ತಿತು.

"ಏಯ್, ನಿಲ್ಲಿಸೇ ಅವನ್ನ!" ಕ್ಯಾಪ್ಟನ್ ಕೂಗಿದ.

ಕಾಸಿಲ್ದಾ ತಿರುಗಿಯೂ ನೋಡಲಿಲ್ಲ. "ನಾನೆಲ್ಲಿ ಕರೆದೆ ಸ್ವಾಮಿ? ಅರಸರ ಹೆಸರು ಹೇಳಿ, ನೀವೇ ನಿಲ್ಲಿಸಿ!"