ಪಾಟ್ಲಿಯ ಸದ್ದು

ಗೋಡೆಯ ಮಾಡದಲ್ಲಿ ಪಾಟ್ಲಿ ಇರಲಿಲ್ಲ.

ಬೀಸುಕಲ್ಲಿಗೆ ಕೂರುವ ಮುನ್ನ ಸೂಗಮ್ಮ ದಿನವೂ ಅವನ್ನು ಬಿಚ್ಚಿ ಅಲ್ಲೇ ಇಡುತ್ತಿದ್ದಳು. ಮದುವೆಯಲ್ಲಿ ಅತ್ತೆ ತಮ್ಮ ಕೈಯಿಂದಲೇ ತೆಗೆದು ತೊಡಿಸಿದ ಬಂಗಾರದ ಬಳೆಗಳು. ಇಂದು ಜೋಳ ಬೀಸುವುದು ಬೇಗ ಮುಗಿದಿತ್ತು. ಮನೆಯಲ್ಲಿದ್ದ ಹೊರಗಿನವಳು ಒಬ್ಬಳೇ, ಜೈತುನ್ಬೀ.

ಮೊದಲ ಮಹಾಲಡಾಯಿಯಲ್ಲಿ ಕಡಲಾಚೆಯ ಬಸ್ರಾದ ಫೌಜಿ ದವಾಖಾನೆಯಲ್ಲಿದ್ದ ನರ್ಸಬಾಯಿ. ಈಗ ತಲೆ ಪೂರ್ತಿ ನೆರೆತಿತ್ತು. ಬೆಳಗಿನ ರೈಲಿಗೆ ವಾಡಿಯಿಂದ ಚಿತ್ತಾಪುರಕ್ಕೆ ಬಂದು, ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿ, ಬೆನ್ನಿನ ಹುಣ್ಣು ತೊಳೆದು ಹೋಗುತ್ತಿದ್ದಳು. ಅತ್ತೆಗೆ ಕಣ್ಣು ಹೋಗಿದ್ದವು, ಮಡಿ ಹೋಗಿರಲಿಲ್ಲ. ಮೊದಲ ದಿನ ಪರರು ಮುಟ್ಟಿದರೆಂದು ಮನೆ ಹಾರುವಂತೆ ಕೂಗಿದ್ದರು. ಮರುದಿನದಿಂದ ಸದ್ದಿಲ್ಲ. ಹೇಗೆ ಒಪ್ಪಿಸಿದೆ ಎಂದು ಸೂಗಮ್ಮ ಕೇಳಲಿಲ್ಲ. ಹುಣ್ಣಿನ ವಾಸನೆಗೆ ಅವಳು ಕೋಣೆಯ ಹೊಸ್ತಿಲೇ ದಾಟುತ್ತಿರಲಿಲ್ಲ. ಗಂಜಿಯ ಬಟ್ಟಲೂ ಅಲ್ಲಿಯ ತನಕವೇ.

ಇಂದು ಬಾಗಿಲ ಸಂದಿಯಿಂದ ಇಣುಕಿದಳು. ಜೈತುನ್ಬೀಯ ಸುಕ್ಕುಗಟ್ಟಿದ ಕೈಯಲ್ಲಿ ಪಾಟ್ಲಿ ಹೊಳೆಯುತ್ತಿದ್ದವು.

ಅವಳು ಕೋಣೆಯಿಂದ ಹೊರಬಿದ್ದದ್ದೇ ತಡ, ಸೂಗಮ್ಮ ರಟ್ಟೆ ಹಿಡಿದು ಓಣಿಗೆ ಎಳೆತಂದಳು. ಜನ ಕೂಡಿದರು.

"ಈ ವಯಸ್ಸಿನ್ಯಾಗ ಮದಿಮಗಳಾಗಾಕ ಹೊಂಟಾಳ ನೋಡ್ರೆವ್ವಾ!" ಪಕ್ಕದ ಮನೆಯ ನೀಲಾಬಾಯಿ ನಕ್ಕಳು.

ಜೈತುನ್ಬೀ ಪಾಟ್ಲಿ ಬಿಚ್ಚಿ ಸೂಗಮ್ಮನ ಅಂಗೈಯಲ್ಲಿಟ್ಟಳು. ಆಡಿದ್ದು ಒಂದೇ ಮಾತು.

"ನಿಮ್ಮ ಅತ್ತಿಗಿ ಹೇಳಬ್ಯಾಡ್ರಿ, ಸೂಗಮ್ಮಾರ."

"ಕಳ್ಳಿಗೂ ಮರ್ಯಾದಿ ಬೇಕಂತ!" ಸೂಗಮ್ಮ ಕೂಗಿದಳು.

ಮರುದಿನ ಕರೆಸಿದ ಇನ್ನೊಬ್ಬಳನ್ನು ಅತ್ತೆ ಹತ್ತಿರ ಸೇರಿಸಲಿಲ್ಲ. ಅದೇ ವಾರ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುವ ಚಾಂದ್ ಸುದ್ದಿ ತಂದ. ಜೈತುನ್ಬೀ ಜ್ವರದಲ್ಲಿ ತೀರಿಕೊಂಡಿದ್ದಳು.

"ಬಸ್ರಾದಾಗ ಸಾಯೋ ಸಿಪಾಯಿಗೋಳು 'ಅವ್ವಾ' ಅಂತ ಹುಡುಕಾಡಿದ್ರ, 'ಹೂಂ, ಬಂದೀನಿ ಮಗಾ' ಅಂತ ಕೈ ಹಿಡೀತಿದ್ಲಂತ್ರಿ," ಎಂದ ಚಾಂದ್, ಕಣ್ಣೊರೆಸಿಕೊಂಡು. "ಸರಕಾರ ಬಹುಮಾನದ ಬಿಲ್ಲೆ ಕೊಟ್ಟಿತ್ತು."

"ಬಿಲ್ಲೆ ಇದ್ದವರೂ ಬಂಗಾರ ಬಿಡಂಗಿಲ್ಲ, ಬಿಡೋ," ಎಂದಳು ಸೂಗಮ್ಮ.

ಬೇರೆ ದಾರಿ ಇರಲಿಲ್ಲ. ಮೂಗಿಗೆ ಸೆರಗು ಕಟ್ಟಿ, ಬಿಸಿನೀರಿನ ತಂಬಿಗೆ ಹಿಡಿದು ತಾನೇ ಕೋಣೆಯೊಳಗೆ ಹೋದಳು. ಕೈಯಲ್ಲಿ ಪಾಟ್ಲಿ ಕಿಣಿಕಿಣಿ ಎಂದವು.

ಅತ್ತೆಯ ಮುಖ ಅರಳಿತು.

"ಬಂದ್ಯಾ ಸೂಗವ್ವಾ? ಸಿಟ್ಟಾಗಿದ್ದೇನ ನನ್ನ ಮ್ಯಾಲ? ನಿನ್ನ ಬಿಟ್ಟು ಯಾರಿಗೂ ಮುಟ್ಟಗೊಟ್ಟಿಲ್ಲ ನೋಡು."

ತಡವರಿಸಿ ಸೊಸೆಯ ಕೈ ಹಿಡಿದರು. ಪಾಟ್ಲಿ ಸವರಿದರು. ಬೆರಳುಗಳನ್ನು ಒಂದೊಂದಾಗಿ ಸವರಿದರು. ಥಟ್ಟನೆ ಕೈ ಬಿಟ್ಟು ಗೋಡೆಗೆ ಸರಿದರು.

"ನೀ ಯಾರವ್ವಾ? ನನ್ನ ಸೊಸೀನ ಕರಿ."